ಒಳ್ಳೆಯವಳ ಮುಖ

ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ, ನಾನೊಂದು ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ, ಕರೆಂಟು ಹೋದರೆ ಬೀಸಿಕೊಳ್ಳಲು ಹಳೆಯ ಕ್ಯಾಲೆಂಡರಿನ ರಟ್ಟು. ಮದುವೆಯ ತಿಂಗಳುಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ, ಆಷಾಢ ಬಂತೆಂದರೆ ನೊಣ ಹೊಡೆಯುವುದೇ ಕೆಲಸ. ಬರುವ ಹೆಂಗಸರಲ್ಲಿ ಯಾರಾದರೊಬ್ಬರು ಆಗಾಗ ಕೇಳುತ್ತಾರೆ: "ಇಷ್ಟು ವರ್ಸದಿಂದ ಇಷ್ಟೊಂದು ಮೊಕ ನೋಡಿದೀಯಲ್ಲಕ್ಕ, ನಿಂಗೆ ಮೊಕ ನೋಡಿದ ತಕ್ಸಣ ಅವರ ಗುಣ ಗೊತ್ತಾಗ್ಬುಡ್ತದೆ ಅಲ್ವಾ?" ಗೊತ್ತಾಗುವುದಿಲ್ಲ ಎಂದರೆ ನಂಬುವುದಿಲ್ಲ. ಗೊತ್ತಾಗುತ್ತದೆ ಎಂದು ಸುಮ್ಮನೆ ತಲೆಯಾಡಿಸಿದರೆ, ಕೂತಲ್ಲೇ ತಮ್ಮ ಗುಣವನ್ನೂ ಹೇಳಿಸಿಕೊಳ್ಳಲು ಕಾಯುತ್ತಾರೆ. ನನಗೆ ಈ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ. ಮುಖ ನೋಡಿ ಗುಣ ಹೇಳುವವನ ಮಗಳಾಗಿಯೇ ನಾನು ಬೆಳೆದದ್ದು. ಆ ವಿದ್ಯೆ ನನ್ನ ತಂಗಿಯ ಬಾಳನ್ನು ನುಂಗಿತು.

ನಮ್ಮ ತವರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಬೇಸಾಯಗಾರ. ಆದರೆ ಸುತ್ತಲಿನ ಊರುಗಳಲ್ಲಿ ಅವನ ಹೆಸರಿದ್ದದ್ದು ಬೇಸಾಯಕ್ಕಲ್ಲ, ದನ ನೋಡುವುದಕ್ಕೆ. ಎತ್ತು ಕೊಳ್ಳುವವರು ಸಂತೆಗೆ ಹೋಗುವಾಗ ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅಪ್ಪ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ, ಮೈಮೇಲಿನ ಕೂದಲ ಸುಳಿ ಎಲ್ಲೆಲ್ಲಿದೆ ಎಂದು ಬೆರಳಾಡಿಸುತ್ತಿದ್ದ, ನಾಲ್ಕು ಹೆಜ್ಜೆ ನಡೆಸುತ್ತಿದ್ದ, ಕೊನೆಗೆ ಎದುರು ನಿಂತು ಅದರ ಮುಖವನ್ನೇ ದಿಟ್ಟಿಸುತ್ತಿದ್ದ. "ತಗಳಿ, ಸಾದು" ಎಂದರೆ ಕೊಂಡರು. "ಬುಡಿ, ಇದು ತಿವೀತದೆ" ಎಂದರೆ ಬಿಟ್ಟರು. ಎತ್ತುಗಳ ವಿಷಯದಲ್ಲಿ ಅಪ್ಪನ ಮಾತು ಸುಳ್ಳಾದದ್ದನ್ನು ನಾನು ಕಂಡಿಲ್ಲ.

ಟ್ರ್ಯಾಕ್ಟರುಗಳು ಬಂದವು, ಕೊಟ್ಟಿಗೆಗಳು ಖಾಲಿಯಾದವು. ಅಪ್ಪನ ಕಣ್ಣು ಮಾತ್ರ ಹಾಗೇ ಇತ್ತಲ್ಲ, ಜನ ಅದನ್ನು ಇನ್ನೊಂದು ಕೆಲಸಕ್ಕೆ ಹಚ್ಚಿದರು. ನಮ್ಮ ಕಡೆ ಗಂಡಿನವರು ಬಂದು ಹೆಣ್ಣು ಒಪ್ಪಿ ಹೋದ ಮೇಲೆ ಹೆಣ್ಣಿನವರು ಗಂಡಿನ ಮನೆ ನೋಡಲು ಹೋಗುವ ಪದ್ಧತಿ ಇದೆ. ಹೋದವರು ಮನೆ ಸ್ವಂತದ್ದೋ, ಬೋರಿನಲ್ಲಿ ನೀರಿದೆಯೋ, ತೆಂಗು ಎಷ್ಟಿದೆಯೋ ನೋಡಿಕೊಂಡು ಬರುತ್ತಾರೆ. ಅಪ್ಪನನ್ನು ಕರೆದೊಯ್ಯುತ್ತಿದ್ದದ್ದು ಹುಡುಗನ ಮುಖ ನೋಡುವುದಕ್ಕೆಂದೇ. ಅಪ್ಪ ಜಗಲಿಯ ಮೇಲೆ ಕೂತು, "ಒಸಿ ನೀರು ಕೊಡಪ್ಪ" ಎಂದು ಹುಡುಗನನ್ನೇ ಕೇಳುತ್ತಿದ್ದ. ನೀರಡಿಕೆ ಏನೂ ಇರುತ್ತಿರಲಿಲ್ಲ. ಹುಡುಗ ಹೇಗೆ ಎದ್ದ, ಹೇಗೆ ನಡೆದ, ಚೊಂಬು ಕೊಡುವಾಗ ಮುಖ ಹೇಗಿತ್ತು ಎಂದು ನೋಡಬೇಕಿತ್ತು ಅಷ್ಟೆ. "ಗಂಡಿನ ಬಾಯಿ ಬುಡ್ಸಿ ಅಲ್ಲು ಎಣಿಸೋದೊಂದು ಬಾಕಿ ನಿಮ್ಮಪ್ಪಂಗೆ" ಎಂದು ಅವ್ವ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಮುಖ ನೋಡಿ ಮಣೆ ಹಾಕು ಎನ್ನುವ ಗಾದೆಯನ್ನು ಊರಲ್ಲಿ ಬೇರೆಯವರು ಕುಹಕಕ್ಕೆ ಹೇಳಿದರೆ, ನಮ್ಮ ಮನೆಯಲ್ಲಿ ಅದು ವೇದವಾಕ್ಯವಾಗಿತ್ತು.

ನನ್ನ ಮದುವೆಯಲ್ಲಿ ಅಪ್ಪನ ಪರೀಕ್ಷೆಗೆ ಜಾಗವಿರಲಿಲ್ಲ. ನನ್ನನ್ನು ಕೊಟ್ಟದ್ದು ಸೋದರಮಾವನ ಮಗನಿಗೆ, ಅಂಬೆಗಾಲಿಡುವಾಗಿನಿಂದ ನೋಡಿದ ಮುಖ. ಅವನದು ಒರಟು ಬಾಯಿ. ಸಿಟ್ಟು ಬಂದರೆ ತಟ್ಟೆ ತಳ್ಳಿ ಎದ್ದು ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ತಾನೇ ಬಂದು, ಅದೇ ತಟ್ಟೆಗೆ ಇನ್ನೊಂದು ಮುದ್ದೆ ಹಾಕು ಅನ್ನುತ್ತಾನೆ. ನಾನೂ ಬಾಯಿ ಮುಚ್ಚುವವಳಲ್ಲ. ಹಾಗೇ ಸಂಸಾರ ಸಾಗಿದೆ.

ತಂಗಿಗೆ ಬಂದ ಸಂಬಂಧಗಳಲ್ಲಿ ಮಾತುಕತೆಯವರೆಗೆ ಹೋದದ್ದು ಎರಡು. ಮೊದಲನೆಯವನು ಸೋಮನಹಳ್ಳಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಚಿಕ್ಕವನಿದ್ದಾಗ ಬಿಸಿನೀರು ಬಿದ್ದು ಒಂದು ಕೆನ್ನೆ ಸುಟ್ಟು ಚರ್ಮ ಸುಕ್ಕುಗಟ್ಟಿತ್ತು. ಅಪ್ಪ ನೀರು ಕೇಳಿದಾಗ ಅವನು ಕೂತಲ್ಲಿಂದಲೇ ಒಳಗೆ ಕೂಗಿದನಂತೆ: "ಅವ್ವೋ, ಒಂದ್ ಚೊಂಬು ನೀರು ತತ್ತಾ." ಅಲ್ಲಿಗೆ ಮುಗಿಯಿತು. "ಮೊಕದಲ್ಲಿ ಕಳೆ ಇಲ್ಲ, ಮಾತು ಕೊಡಲಿ ಏಟು" ಎಂದ ಅಪ್ಪ. ಎರಡನೆಯವನದು ಬೆಸಗರಹಳ್ಳಿಯಿಂದಾಚೆ ಒಂದು ಹಳ್ಳಿ. ಸ್ವಂತ ಜಮೀನು, ಮಂಡ್ಯದ ಒಂದು ಆಫೀಸಿನಲ್ಲಿ ಸಂಬಳದ ಕೆಲಸ. ತಂದೆ ತಾಯಿ ತೀರಿಕೊಂಡಿದ್ದರು. ಅಗಲ ಹಣೆ, ತೆಳ್ಳಗೆ ಎಳೆದ ವಿಭೂತಿ, ದೊಡ್ಡವರ ಜೊತೆ ಮಾತಾಡುವಾಗ ಕೊಂಚ ಕೆಳಗೆ ನೋಡುವ ಕಣ್ಣು. ಅಪ್ಪ ನೀರು ಕೇಳಿದ. ಅವನು ತಾನೇ ಎದ್ದು ಹೋಗಿ ತಂದ. ಕೊಡುವ ಮುಂಚೆ ಚೊಂಬಿನ ತಳವನ್ನು ತನ್ನ ಟವಲಿನಿಂದ ಒರೆಸಿದ, ಅಪ್ಪನ ಪಂಚೆಯ ಮೇಲೆ ಹನಿ ಬೀಳದಿರಲಿ ಎಂದು. ಅಪ್ಪ ಸೋತದ್ದು ಅಲ್ಲಿ. ಮನೆಗೆ ಬಂದವನು ಅವ್ವನಿಗೆ ಹೇಳಿದ: "ಎತ್ತಾಗಿದ್ದಿದ್ರೆ ಜೋಡೀನೇ ಒಡ್ಕಂಡ್ ಬಂದ್ಬುಡ್ತಿದ್ದೆ ಕಣಮ್ಮಿ."

ಮದುವೆಯ ದಿನ ತಂಗಿಗೆ ಅಲಂಕಾರ ಮಾಡಿದ್ದು ನಾನೇ. ಆಗಷ್ಟೇ ಮಂಡ್ಯದಲ್ಲಿ ಕೆಲಸ ಕಲಿತು ಬಂದಿದ್ದೆ. ಅವಳದು ನಗುವ ಮುಖ, ಬಣ್ಣವೇ ಬೇಕಿರಲಿಲ್ಲ. ಮಂಟಪದಲ್ಲಿ ಇಬ್ಬರನ್ನೂ ನೋಡಿದವರೆಲ್ಲ ಜೋಡಿ ಎಂದರೆ ಇದು ಎಂದರು. ನಾನೂ ಅದನ್ನೇ ಅಂದುಕೊಂಡೆ.

ಆ ಸುಟ್ಟ ಕೆನ್ನೆಯವನ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಅವನು ಮದ್ದೂರಿನ ಹುಡುಗಿಯನ್ನೇ ಮದುವೆಯಾದ. ಹೆಂಡತಿಯನ್ನು ಸ್ಕೂಟರಿನಲ್ಲಿ ನನ್ನ ಪಾರ್ಲರಿಗೆ ಕರೆತರುತ್ತಾನೆ, ಕೆಳಗೆ ನಿಂತು ಬೀದಿಗೆಲ್ಲ ಕೇಳುವ ಹಾಗೆ "ಆಯ್ತೇನಮ್ಮೀ?" ಎಂದು ಕೂಗುತ್ತಾನೆ. ಕುರೂಪಿಗೆ ಬಂಗಾರದ ಮನಸ್ಸು ಎನ್ನುವುದು ಸಿನಿಮಾದವರ ಸುಳ್ಳು, ನಾನು ಅದನ್ನು ಹೇಳುತ್ತಿಲ್ಲ. ಅವನು ಸಂಬಳದ ದಿನ ಕುಡಿಯುತ್ತಾನೆ, ಕುಡಿದಾಗ ಕೂಗಾಡುತ್ತಾನೆ. ಆದರೆ ಅವನ ಹೆಂಡತಿ ನನ್ನ ಕಿಟಕಿಯಿಂದ ಅರ್ಧ ಮುಖಕ್ಕೆ ಪ್ಯಾಕ್ ಹಚ್ಚಿಕೊಂಡೇ ಬಗ್ಗಿ, "ಬತ್ತೀನಿ ಇರಯ್ಯ, ಊರ್‍ಗೆಲ್ಲಾ ಸಾರ್‍ಬ್ಯಾಡ" ಎಂದು ಬೈಯುತ್ತಾಳೆ. ಗಂಡನನ್ನು ಬೈಯುವಷ್ಟು ಧೈರ್ಯ ಅವಳಿಗೆ ಇದೆ. ಅದನ್ನು ಕೇಳಿದಾಗಲೆಲ್ಲ ನನಗೆ ತಂಗಿ ನೆನಪಾಗುತ್ತಾಳೆ.

ಮದುವೆಯಾದ ಹೊಸದರಲ್ಲಿ ತಂಗಿ ಹೇಳಿದ್ದಳು, "ಅವ್ರು ಜೋರಾಗಿ ಮಾತಾಡೋದೇ ಇಲ್ಲ ಕಣಕ್ಕ." ಪುಣ್ಯವಂತೆ ಎಂದಿದ್ದೆ. ಆಮೇಲಿನದೆಲ್ಲ ಚೂರು ಚೂರಾಗಿ ಗೊತ್ತಾಯಿತು. ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿದರೆ ಅವನು ಬೈಯುತ್ತಿರಲಿಲ್ಲ. ಪಾತ್ರೆ ಸಮೇತ ಎತ್ತಿಕೊಂಡು ಹೋಗಿ ಬೀದಿಯ ನಾಯಿಗೆ ಹಾಕಿ ಬಂದು, "ಇವತ್ತು ನಿಂಗೂ ಬ್ಯಾಡ" ಎನ್ನುತ್ತಿದ್ದ, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ. ನಾಯಿಗೆ ಅನ್ನ ಹಾಕುವವನೆಂದು ಬೀದಿಯವರಿಗೆ ಅವನ ಮೇಲೆ ಇನ್ನಷ್ಟು ಗೌರವ. ಹೊರಗೆ ನೆಂಟರು ಕೂತಿದ್ದಾಗ ಅಡುಗೆಮನೆಗೆ ಬಂದು, ಅವಳ ತೋಳಿನ ಒಳಭಾಗವನ್ನು ರವಿಕೆಯ ಮೇಲಿಂದಲೇ ಹಿಡಿದು ತಿರುಚುತ್ತಿದ್ದ. ಕಣ್ಣಲ್ಲಿ ನೀರು ಬಂದರೆ ಹೇಳುತ್ತಿದ್ದ: "ಅಳಬ್ಯಾಡ, ಮೊಕ ಕೆಡ್ತದೆ." ನಂತರ ಕಾಫಿ ಲೋಟಗಳನ್ನು ತಾನೇ ಹೊರಗೆ ತೆಗೆದುಕೊಂಡು ಹೋಗಿ, "ಅವಳಿಗೆ ಒಸಿ ಮನ್ಸು ಸರಿ ಇರಲ್ಲ, ಅನುಸರಿಸ್ಕಂಡ್ ಓಗ್ಬೇಕು" ಎನ್ನುತ್ತಿದ್ದ. ಬಂದವರು ಅವನಿಗಾಗಿ ಮರುಗಿ ಹೋಗುತ್ತಿದ್ದರು.

ಗೋಮುಖ ವ್ಯಾಘ್ರ ಎನ್ನುವ ಮಾತು ನಮ್ಮವರ ಬಾಯಲ್ಲಿ ಸದಾ ಇರುತ್ತದೆ. ಎದುರಿಗೆ ಗೋಮುಖ ಬಂದು ನಿಂತಾಗ ಮಾತ್ರ ಅದು ಯಾರಿಗೂ ನೆನಪಾಗುವುದಿಲ್ಲ.

ಅವಳಿಗೊಬ್ಬಳು ಮಗಳು ಹುಟ್ಟಿದಳು. ತಂಗಿಯ ಮುಖ ಬದಲಾದದ್ದನ್ನು ಎಲ್ಲರಿಗಿಂತ ಮೊದಲು ಕಂಡವಳು ನಾನು, ಅದು ನನ್ನ ಕೆಲಸ. ಹುಬ್ಬುಗಳ ನಡುವೆ ಎರಡು ನೆಟ್ಟ ಗೆರೆ ಮೂಡಿದವು. ತುಟಿ ಬಿಗಿಯಿತು. ಮಾತು ಗಡುಸಾಯಿತು, ಏನು ಕೇಳಿದರೂ ಕಚ್ಚುವ ಹಾಗೆ ಉತ್ತರ ಕೊಡುತ್ತಿದ್ದಳು. ಹಬ್ಬಕ್ಕೆ ಬಂದರೆ ಮೂಲೆಯಲ್ಲಿ ಕೂತು ದುರುದುರು ನೋಡುವಳು. ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪನ ಜೊತೆ ಬೆಳೆಯ ವಿಷಯ ಮಾತಾಡುವನು. ನೋಡಿದವರು ಇಬ್ಬರ ಮುಖವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುತ್ತಿದ್ದರು. ಅವ್ವ ಕೂಡ ಒಮ್ಮೆ, "ಯಾಕವ್ವ ಮೊಕಾನ ಅಂಗೆ ಗಂಟು ಆಕ್ಕಂಡಿದ್ದೀಯ, ಅವ್ರಾರೂ ಎಷ್ಟು ಅಂತ ತಡ್ಕಂಡಾರು" ಎಂದುಬಿಟ್ಟಳು. ಹಣೆಯ ಆ ಗೆರೆಗಳನ್ನು ಎಳೆದವನು ಅವನೇ ಎಂದು ನನಗೆ ಗೊತ್ತಿತ್ತು. ಹೆಂಡತಿಯ ಮುಖ ನೋಡಿ ಗಂಡನ ಗುಣ ಹೇಳಬೇಕೇ ಹೊರತು ಅವಳದ್ದನ್ನಲ್ಲ. ಇದನ್ನು ನಮ್ಮ ಜನಕ್ಕೆ ಯಾವ ಬಾಯಲ್ಲಿ ಹೇಳುವುದು?

ಕೊನೆಗೆ ಅವಳು ಬಾಯಿ ಬಿಟ್ಟು ಹೇಳಿದಳು. ಅವಳಿಗೆ ಬೇಕಿದ್ದದ್ದು ಒಂದೇ. ಮಗಳನ್ನು ಕರೆದುಕೊಂಡು ತವರಿಗೆ ಬಂದುಬಿಡಬೇಕು. ಅವಳೊಬ್ಬಳೇ ಹೋಗುವುದಾದರೆ ಹೋಗು ಎನ್ನುತ್ತಿದ್ದ ಅವನು, ಮಗಳನ್ನು ಬಿಡುವುದಿಲ್ಲ ಎನ್ನುತ್ತಿದ್ದ. ನಮ್ಮ ಕಡೆ ಪೊಲೀಸು, ಕೋರ್ಟು ಎಂದರೆ ಮನೆತನದ ಬಾಗಿಲು ಮುಚ್ಚಿದಂತೆ. ಮೊದಲು ಊರಿನ ನ್ಯಾಯ. ಎರಡೂ ಊರಿನ ಹಿರಿಯರು ಅವನ ಊರಿನ ಗುಡಿಯ ಜಗಲಿಯ ಮೇಲೆ ಸೇರಿದರು.

ತಂಗಿ ಇದ್ದ ಹಾಗೇ ಬಂದಿದ್ದಳು. ತಲೆಗೆ ಎಣ್ಣೆಯಿಲ್ಲ, ಮಾಸಿದ ಸೀರೆ. ಮಾತಾಡು ಎಂದಾಗ, ವರ್ಷಗಳಿಂದ ನುಂಗಿಕೊಂಡಿದ್ದೆಲ್ಲ ಒಟ್ಟಿಗೇ ನುಗ್ಗಿ ಬಂದು, ಅವಳು ಕೂಗಿದಳು, ಕೈ ಬೀಸಿದಳು, ಒಂದು ಮಾತಿಗೊಂದು ಹೊಂದಿಕೆಯಾಗಲಿಲ್ಲ. ಆಮೇಲೆ ಅವನನ್ನು ಕೇಳಿದರು. ಅವನು ಎದ್ದು ನಿಂತು ಕೈಮುಗಿದ. "ತಪ್ಪೆಲ್ಲಾ ನಂದೇ ಕಣಣ್ಣ. ಸರಿಯಾಗಿ ನೋಡ್ಕಳಕ್ಕಾಗ್ನಿಲ್ಲ. ನೀವು ಏನು ಸಿಕ್ಸೆ ಕೊಟ್ರೂ ಒಪ್ಕತೀನಿ, ಅವಳನ್ನ ಮಾತ್ರ ಬೈಬ್ಯಾಡಿ" ಎಂದ. ಮುದುಕರೊಬ್ಬರು ಟವಲಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

"ಮೊಕ ನೋಡುದ್ರೆ ಗೊತ್ತಾಯ್ತದೆ, ದೇವ್ರಂತ ಉಡ್ಗ" ಎಂದರು ಹಿರಿಯರೊಬ್ಬರು. ಇನ್ನೊಬ್ಬರು ತಂಗಿಯ ಕಡೆ ತಿರುಗಿ, "ಎಣ್ಣು ನಗ್‍ನಗ್ತಾ ಇದ್ರೆ ಮನೆ ಮನೆಯಾಗಿರ್ತದೆ ಕಣವ್ವ. ನಿನ್ ಮೊಕದಲ್ಲಿ ಲಕ್ಸ್ಮೀ ಕಳೇನೆ ಇಲ್ವಲ್ಲ. ಬೆಳಿಗ್ಗೆ ಎದ್ದು ಈ ಮೊಕ ನೋಡ್ಕಂಡು ಅವನಾದ್ರೂ ಎಂಗೆ ಬಾಳಾನು?" ಎಂದರು. ವೀಳ್ಯದೆಲೆ, ಬಾಳೆಹಣ್ಣು, ಕಾಯಿ ಮಡಿಲಿಗೆ ಹಾಕಿ ಅವಳನ್ನು ಅವನ ಜೊತೆ ಕಳಿಸಿದರು. ನಮ್ಮ ಊರಿನ ಹಿರಿಯರ ನಡುವೆ ಕೂತಿದ್ದ ಅಪ್ಪ ಒಂದು ಮಾತೂ ಆಡಲಿಲ್ಲ. ಆ ಮುಖವನ್ನು ಒಪ್ಪಿ ಬಂದವನು ಅವನೇ, ಏನೆಂದು ಆಡಿಯಾನು?

ಅದಾದ ಮೇಲೆ ಎರಡು ಗೌರಿ ಹಬ್ಬ ಕಳೆದವು. ಒಂದು ಬೆಳಿಗ್ಗೆ ನಾನು ಪಾರ್ಲರಿನ ಬಾಗಿಲು ತೆಗೆಯುವಷ್ಟರಲ್ಲಿ ತಂಗಿ ಮೆಟ್ಟಿಲ ಮೇಲೆ ಕೂತಿದ್ದಳು. ಮತ್ತೆ ನ್ಯಾಯ ಸೇರಿಸಲು ತಾನೇ ಅಪ್ಪನಿಗೆ ಹೇಳಿ ಕಳಿಸಿದ್ದಳು, ಮಧ್ಯಾಹ್ನಕ್ಕೆ ಎಲ್ಲರೂ ಬರುವವರಿದ್ದರು. ಮಗಳು ಶಾಲೆಗೆ ಹೋಗಿದ್ದಾಳೆ ಎಂದಳು. ಕನ್ನಡಿಯ ಮುಂದೆ ಕುರ್ಚಿಯಲ್ಲಿ ಕೂತು ತನ್ನನ್ನು ತಾನೇ ಸ್ವಲ್ಪ ಹೊತ್ತು ನೋಡಿಕೊಂಡಳು.

"ಅಕ್ಕ, ನನಗೊಂದು ಒಳ್ಳೆಯವಳ ಮೊಕ ಮಾಡ್ಕೊಡು."

ನನಗೆ ಮೊದಲು ಅರ್ಥವಾಗಲಿಲ್ಲ. "ಒಳ್ಳೆಯವಳ ಮೊಕ ಅಂದ್ರೆ ಎಂಗಿರ್ತದವ್ವ?" ಎಂದೆ.

"ನಮ್ಮನೆಯವ್ರ ಮೊಕ ಇಲ್ವಾ," ಎಂದಳು, "ಅಂಗೆ."

ತಮಾಷೆಗೆ ಹೇಳಿದಳೇನೋ ಎಂದು ಕನ್ನಡಿಯಲ್ಲಿ ನೋಡಿದೆ. ತಮಾಷೆಯಲ್ಲ. "ಓದ್ಸಲ ನನ್ ಮೊಕ ನೋಡಿ ಅವ್ರ್ಯಾರೂ ನಂಬ್ನಿಲ್ಲ. ನಿಂಗೆ ಬರ್ತದಲ್ಲ ಕೆಲಸ. ಒಂದಿನದ ಮಟ್ಟಿಗೆ ಮಾಡ್ಕೊಡು. ನಾನು ಕೂಗಾಡಲ್ಲ, ಮೆಲ್ಲಗೆ ಮಾತಾಡ್ತೀನಿ. ಅವ್ರ್ ಥರಾನೇ ಕೈಮುಗೀತೀನಿ" ಎಂದಳು. ಬೇಡ ಎಂದು ನಾನು ವಾದ ಮಾಡಿದೆ, ಬಣ್ಣದಿಂದ ಆಗುವ ಕೆಲಸವಲ್ಲ ಎಂದೆ. "ಇನ್ನೇನಿಂದ ಆಯ್ತದೆ ಯೋಳು" ಎಂದು ತಿರುಗಿ ಕೇಳಿದಳು.

ಬಾಗಿಲು ಹಾಕಿದೆ. ತಲೆಗೆ ಎಣ್ಣೆ ಹಚ್ಚಿ ತಿಕ್ಕಿ ತೊಳೆದೆ. ಮುಖಕ್ಕೆ ಕ್ರೀಮು ಹಚ್ಚಿ ಹಣೆಯ ಗೆರೆಗಳನ್ನು ಹೆಬ್ಬೆರಳಿನಿಂದ ಸವರಿದೆ. ಒತ್ತಿದಾಗ ಮಾಯವಾಗುತ್ತಿದ್ದವು, ಬೆರಳು ತೆಗೆದರೆ ಅಲ್ಲೇ ಇರುತ್ತಿದ್ದವು. ಮೇಲೆ ಬಣ್ಣ ಕೂರಿಸಿ ಮುಚ್ಚಿದೆ. ತುಟಿಯ ಅಂಚು ಕೆಳಗೆ ಜೋತದ್ದನ್ನು ಪೆನ್ಸಿಲಿನಿಂದ ಕೊಂಚ ಮೇಲೆತ್ತಿದೆ. ನನ್ನದೇ ಒಂದು ಹೊಸ ಸೀರೆ ಕೊಟ್ಟೆ. ಉಡಿಸುವ ಮುಂಚೆ ರವಿಕೆ ಬದಲಿಸಲು ತೋಳು ಎತ್ತಿಸಿದೆ, ಆಗ ಕಂಡಿತು. ರವಿಕೆಯ ತೋಳು ಮುಗಿಯುವುದಕ್ಕೆ ಮುಂಚೆಯೇ ಶುರುವಾಗಿ ಕಂಕುಳವರೆಗೆ, ಹಸಿರು, ನೇರಳೆ, ಹಳದಿ ಕಲೆ, ಹಳೆಯದರ ಮೇಲೆ ಹೊಸದು.

"ಇದನ್ನ ತೋರ್‍ಸು. ಇದೊಂದೇ ಸಾಕು" ಎಂದೆ.

"ಗಂಡಸ್ರ ಮುಂದೆ ರವಿಕೆ ತೋಳು ಏರಿಸ್ಲಾ ಅಕ್ಕ?"

"ನಾನು ಯೋಳ್ತೀನಿ. ಯಾರಾರೂ ಎಂಗಸ್ರನ್ನ ಕರ್‍ಸಿ ಒಳಗೆ ನೋಡ್ಲಿ."

ಅವಳು ತೋಳು ಇಳಿಸಿ ಸೆರಗು ಹೊದ್ದಳು. ಕನ್ನಡಿಯಲ್ಲಿ ಹೊಸ ಮುಖ ನೋಡಿಕೊಂಡು, "ಚೆನ್ನಾಗವ್ಳೆ, ಅಲ್ವಾ?" ಎಂದಳು, ಬೇರೆ ಯಾರನ್ನೋ ಕುರಿತು ಮಾತಾಡುವ ಹಾಗೆ.

ಬೆಸಗರಹಳ್ಳಿ ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಮುಖ ಕೊಡದೆ ಕೂತಿದ್ದಳು. ನನಗೂ ಎಲ್ಲೋ ಒಂದು ಆಸೆ ಚಿಗುರಿತ್ತು. ಸಂಜೆಯ ಹೊತ್ತಿಗೆ ಮಗಳ ಶಾಲೆಯ ಚೀಲ, ಅವರಿಬ್ಬರ ಬಟ್ಟೆಯ ಗಂಟು ಹಿಡಿದುಕೊಂಡು ಇದೇ ಬಸ್ಸಿನಲ್ಲಿ ವಾಪಸು ಬರುತ್ತೇವೆ ಎಂದುಕೊಂಡಿದ್ದೆ.

ಜಗಲಿಯ ಮೇಲೆ ಅದೇ ಜನ. ತಂಗಿ ಹೇಳಿದಂತೆಯೇ ನಡೆದುಕೊಂಡಳು. ತಲೆ ಬಗ್ಗಿಸಿ, ಕೈಮುಗಿದು, ಮೆಲುದನಿಯಲ್ಲಿ ಒಂದೊಂದಾಗಿ ಹೇಳಿದಳು. ನಾಯಿಗೆ ಹಾಕಿದ ಮುದ್ದೆ, ಉಪವಾಸ, ಅಡುಗೆಮನೆ, ತೋಳು. "ನನ್ ಮಗಳನ್ನ ಕೊಟ್ಬುಡಿ, ನಂಗೇನೂ ಬ್ಯಾಡ, ನಮ್ಮಪ್ಪನ ಮನೆಗೆ ಓಯ್ತೀನಿ" ಎಂದು ಮುಗಿಸಿದಳು. ಒಂದು ಕಡೆಯೂ ದನಿ ಏರಲಿಲ್ಲ. ಹಿರಿಯರು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಕಷ್ಟದಲ್ಲಿರೋಳು ಇಂಗೆ ಮದ್ವೆ ಎಣ್ಣಂಗೆ ಸಿಂಗಾರ ಮಾಡ್ಕಂಡ್ ಬತ್ತಾಳೇನಯ್ಯ?" ಎಂದರು ಒಬ್ಬರು.

"ಮೊಕ ನೋಡುದ್ರೆ ಉಂಡು ಉಟ್ಟು ಸುಕವಾಗವ್ಳೆ" ಎಂದರು ಇನ್ನೊಬ್ಬರು.

ನಾನು ಎದ್ದೆ. ನ್ಯಾಯದಲ್ಲಿ ಹೆಂಗಸರು ಕರೆಯದೆ ಮಾತಾಡಬಾರದು, ಆದರೂ ಆಡಿದೆ. "ಅವಳ ಮೊಕ ಬುಡಿ, ತೋಳು ನೋಡ್ಸಿ. ನಿಮ್ಮನೆ ಎಂಗಸ್ರನ್ನೇ ಕರ್‍ಸಿ, ಗುಡಿ ಇಂದ್ಕೆ ಕರ್ಕಂಡೋಗಿ ನೋಡ್ಲಿ. ಸುಳ್ಳಾದ್ರೆ ನನ್ ಬಾಯಿಗೆ ಮಣ್ಣಾಕಿ."

ಮೊದಲು ದನಿ ತೆಗೆದವನು ತಂಗಿಯ ಗಂಡನೇ. "ಬ್ಯಾಡಿ ಅಣ್ಣ, ಅವಳ ಮಾನ ನನ್ ಮಾನ ಅಲ್ವಾ? ನಾನೇ ಮಾಡ್ದೆ ಅಂತಾನೇ ಇಟ್ಕಳಿ." ಎಷ್ಟು ನೋವಿನಿಂದ ಹೇಳಿದನೆಂದರೆ, ನಿಜ ಗೊತ್ತಿಲ್ಲದಿದ್ದರೆ ನಾನೂ ಅವನ ಪರ ಎದ್ದು ನಿಲ್ಲುತ್ತಿದ್ದೆ. ಆಗ ಹಿಂದೆ ಕೂತಿದ್ದ ಒಬ್ಬ ನನ್ನನ್ನು ತೋರಿಸಿ ಹೇಳಿದ: "ಇವಮ್ಮ ಮದ್ದೂರಲ್ಲಿ ಪಾರ್ಲರ್ ಮಡಗವ್ಳೆ. ಮೊಕಕ್ಕೆ ಬಣ್ಣ ಬಳ್ಯೋಳಿಗೆ ತೋಳಿಗೆ ಬಳ್ಯೋದು ಒಂದ್ ಕಷ್ಟವಾ?"

ಜಗಲಿಯ ತುಂಬ ನಗು. ತೋಳು ನೋಡಲು ಯಾರನ್ನೂ ಕರೆಸಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಹುಣ್ಣು ರವಿಕೆಯೊಳಗಿದ್ದರೆ, ಹೇಳುವವಳು ಬಣ್ಣದವಳಾಗಿದ್ದರೆ, ಕನ್ನಡಿ ಇದ್ದೂ ಏನು ಮಾಡುವುದು? ಮೊದಲ ಸಲ ಅವಳ ಮುಖ ಕೆಟ್ಟಿತ್ತು, ಅದಕ್ಕೆ ನಂಬಲಿಲ್ಲ. ಈ ಸಲ ಮುಖ ಚೆನ್ನಾಗಿತ್ತು, ಅದಕ್ಕೂ ನಂಬಲಿಲ್ಲ. ನಂಬುವಂಥ ಮುಖ ಒಬ್ಬ ಹೆಂಗಸಿಗೆ ಇರುತ್ತದೆಯೇ, ಇದ್ದರೆ ಅದು ಹೇಗಿರುತ್ತದೆ, ನನಗೆ ಇವತ್ತಿಗೂ ತಿಳಿಯದು.

ಮತ್ತೆ ಎಲೆ, ಬಾಳೆಹಣ್ಣು, ಕಾಯಿ. ತಂಗಿ ಅಳಲಿಲ್ಲ. ಸೆರಗಿನಲ್ಲಿ ಕಾಯಿ ಕಟ್ಟಿಕೊಂಡು ಅವನ ಹಿಂದೆ ನಡೆದುಹೋದಳು. ಬೀದಿಯ ತಿರುವಿನಲ್ಲಿ ಅವನು ನಿಂತು, ಕಲ್ಲು ಎಡವೀಯ ಎಂದು ಕೈ ಹಿಡಿದು ದಾಟಿಸಿದ. ಜಗಲಿಯ ಮೇಲಿದ್ದವರು ಅದನ್ನೂ ನೋಡಿ ಮೆಚ್ಚಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತಿದ್ದ. ನಾನು ಅವನ ಮೇಲೆ ಎಗರಿ ಬೀಳಬೇಕೆಂದಿದ್ದೆ. ಎರಡು ನ್ಯಾಯದಲ್ಲೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆಯಲ್ಲ, ಆ ನೀರಿನ ಚೊಂಬು ಗಂಟಲಲ್ಲಿ ಸಿಕ್ಕಿಕೊಂಡಿತ್ತಾ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನೇ ಮಾತಾಡಿದ.

"ನಂಗೆ ಎಲ್ಲಾ ಗೊತ್ತದೆ ಕ‌ಣವ್ವ. ಅವಳು ಯೋಳೋದು ನಿಜ ಅಂತ ಗೊತ್ತದೆ. ಆದ್ರೆ ಈಗ್ಲೂ ಆ ನನ್ಮಗನ ಮೊಕ ನೋಡುದ್ರೆ ನಂಬ್ಬುಡನಾ ಅನ್ನಿಸ್ತದೆ. ನನ್ ಮಗಳ ಮೊಕ ನೋಡುದ್ರೆ ಅನ್ನಿಸಲ್ಲ."

ಟವಲು ಮುಖಕ್ಕೆ ಒತ್ತಿ ಹಿಡಿದು ಮದ್ದೂರು ಬರುವವರೆಗೂ ಹಾಗೇ ಕೂತಿದ್ದ. ನನ್ನ ಸಿಟ್ಟೆಲ್ಲ ಇಳಿದು ಬರೀ ಭಯ ಉಳಿಯಿತು. ಹೆತ್ತ ಅಪ್ಪನಿಗೇ ಹೀಗಾದರೆ ಊರವರನ್ನು ಏನೆಂದು ದೂರುವುದು. ಆಮೇಲೆ ಅಪ್ಪ ಯಾರ ಮನೆಗೂ ಗಂಡು ನೋಡಲು ಹೋಗಲಿಲ್ಲ. ಯಾರಾದರೂ ಕರೆಯಲು ಬಂದರೆ ಕಣ್ಣು ಮಂಜು ಎನ್ನುತ್ತಾನೆ.

ಕೋರ್ಟಿಗೆ ಹೋಗೋಣ ಎಂದು ನಾನು ತಂಗಿಗೆ ಫೋನಿನಲ್ಲಿ ಎಷ್ಟೋ ಸಲ ಹೇಳಿದೆ, ನನ್ನ ಗಂಡನೂ ಹೇಳಿದ. ವಕೀಲರನ್ನು ನೋಡುತ್ತೇನೆ, ಖರ್ಚು ನನ್ನದಿರಲಿ ಎಂದ. "ಅಲ್ಲೂ ಮೊಕ ನೋಡೇ ಮಾತಾಡ್ಸೋದು ಅಲ್ವಾ ಬಾವ" ಎಂದಳಂತೆ ಅವನಿಗೆ. ನನ್ನ ಗಂಡ ಅವತ್ತು ಊಟ ಮಾಡಲಿಲ್ಲ, ತಟ್ಟೆಯನ್ನೂ ತಳ್ಳಲಿಲ್ಲ.

ಅಲ್ಲಿಂದಾಚೆಗೆ ಅವಳ ಫೋನು ಕಡಿಮೆಯಾಯಿತು. ಮಾಡಿದರೂ ಮಳೆ, ಬೆಳೆ, ಮಗಳ ಪರೀಕ್ಷೆ, ಅಷ್ಟೆ. ಆಮೇಲೆ ಊರಿನ ಮದುವೆಗಳಲ್ಲಿ ಅವಳನ್ನು ನೋಡಿದವರು ಬಂದು ನನಗೆ ಹೇಳತೊಡಗಿದರು: "ನಿನ್ ತಂಗಿ ಈಗ ಸರಿಯಾಗವ್ಳೆ ಕಣಕ್ಕ. ಎಷ್ಟು ನಗ್‍ನಗ್ತಾ ಮಾತಾಡ್ತಾಳೆ, ಮೊದ್ಲಿನ ಥರ ಸಿಡುಕೇ ಇಲ್ಲ." ಕೇಳಿ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ.

ಮೊನ್ನೆ ಶ್ರಾವಣದ ಒಂದು ಶುಕ್ರವಾರ ಅವಳೇ ಪಾರ್ಲರಿಗೆ ಬಂದಳು. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದಳು, ಹುಬ್ಬು ತೆಗೆಸಿಕೊಂಡು ಹೋಗೋಣವೆಂದು ಬಂದೆ ಎಂದಳು. ಗಂಡ ಕೆಳಗೆ ಪಾತ್ರೆ ಅಂಗಡಿಯವನ ಜೊತೆ ಮಾತಾಡುತ್ತಾ ನಿಂತಿದ್ದ. ನಾನು ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಹುಬ್ಬುಗಳ ನಡುವಿನ ಗೆರೆಗಳು ಇರಲಿಲ್ಲ. ಅವತ್ತು ನಾನು ಎಷ್ಟು ಸವರಿದರೂ ಹೋಗದೆ, ಬಣ್ಣ ಹಾಕಿ ಮುಚ್ಚಿದ್ದ ಗೆರೆಗಳು ತಾವಾಗಿಯೇ ಅಳಿಸಿಹೋಗಿದ್ದವು. ನುಣ್ಣನೆಯ ಹಣೆ, ಕೊಂಚ ಕೆಳಗೆ ನೋಡುವ ಕಣ್ಣು, ತುಟಿಯ ಅಂಚಿನಲ್ಲಿ ಸದಾ ನಿಂತಿರುವ ಒಂದು ನಗು. ಹುಬ್ಬು ಮುಗಿಸಿ, ದಾರ ಹಿಡಿದು ಮೇಲ್ದುಟಿಯ ಕೂದಲನ್ನೂ ಕಿತ್ತೆ. ಅಲ್ಲಿ ದಾರ ಹಾಕಿದರೆ ಎಂಥವರಿಗೂ ಕಣ್ಣಲ್ಲಿ ನೀರು ಬರುತ್ತದೆ, ಮೈ ಮಾತು ಕೇಳುವುದಿಲ್ಲ. ಅವಳ ಕಣ್ಣು ಒಣಗಿಯೇ ಇತ್ತು.

"ಎಂಗಿದ್ದೀಯವ್ವ?" ಎಂದು ಕಿವಿಯ ಹತ್ತಿರ ಬಗ್ಗಿ ಕೇಳಿದೆ.

"ಚೆನ್ನಾಗಿದೀನಿ ಕಣಕ್ಕ" ಎಂದಳು ಮೆಲ್ಲಗೆ. "ನೀನು ಯಾಕೆ ಬಡವಾಗಿದ್ದೀಯ, ಒತ್ತೊತ್ತಿಗೆ ಊಟ ಮಾಡು."

ಅವಳ ಮುಖವನ್ನೇ ನೋಡಿದೆ. ನಾನು ಎತ್ತಿ ಆಡಿಸಿದ ಮುಖ, ಜಡೆ ಹಾಕಿ ಹೂ ಮುಡಿಸಿದ ಮುಖ. ಅದರಲ್ಲಿ ನನಗೆ ಏನೊಂದೂ ಓದಲಾಗಲಿಲ್ಲ. ನಿಜ ಹೇಳುತ್ತಿದ್ದಾಳೋ, ಸುಳ್ಳು ಹೇಳುತ್ತಿದ್ದಾಳೋ, ಒಳಗೆ ನನ್ನ ತಂಗಿ ಇನ್ನೂ ಇದ್ದಾಳೋ ಇಲ್ಲವೋ, ತಿಳಿಯಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಸರದಿಗೆ ಕಾದಿದ್ದ ಹೆಂಗಸು ಆಗಿನಿಂದ ಇವಳನ್ನೇ ನೋಡುತ್ತಿದ್ದಳು. "ನಿಮ್ ತಂಗೀನಾ? ಮೊಕ ನೋಡುದ್ರೇ ಗೊತ್ತಾಯ್ತದೆ, ಒಳ್ಳೆ ಮನೆ ಸೇರವ್ರೆ ಅಂತ" ಎಂದಳು ನನಗೆ. ಆಮೇಲೆ ತಂಗಿಯ ಮೊಣಕೈ ದಾಟಿ ಇಳಿದಿದ್ದ ರವಿಕೆಯ ತೋಳನ್ನು ಬೆರಳಿನಿಂದ ಮುಟ್ಟಿ, "ಇಷ್ಟುದ್ದ ತೋಳು ಈಗ ಫ್ಯಾಸನ್ನಾ ಅಕ್ಕ?" ಎಂದು ಕೇಳಿದಳು.

"ಊ ಕಣಮ್ಮ" ಎಂದಳು ನನ್ನ ತಂಗಿ ನಗುತ್ತಾ. "ನಮ್ಮನೆಯವ್ರಿಗೆ ಇಂಗೇ ಇಷ್ಟ."